ಲಕ್ಷ್ಮೀಪತಿಯ ಫೋನಿನಲ್ಲಿ ಹಣ್ಣಾದ ಹುಳ

ನನ್ನ ಅಕ್ಕನ ಮಗ ಲಕ್ಷ್ಮೀಪತಿಯ ಬಗ್ಗೆ ಒಳ್ಳೆಯದನ್ನೇ ಬರೆಯೋಣ ಅಂತ ಕೂತರೆ ಒಂದು ಮಾತಿಗೆ ಮುಗಿದುಹೋಗುತ್ತದೆ: ಕುಡಿಯುವುದಿಲ್ಲ. ಉಳಿದದ್ದನ್ನು ಹೇಳುವುದಕ್ಕೇ ಇಷ್ಟು ಉದ್ದ ಬರೆಯಬೇಕಾಗಿದೆ. ನಾನು ಅವನ ಸೋದರಮಾವ, ಅಂಜನಪ್ಪ. ಬಾಗಲೂರಿನಿಂದ ಒಳಕ್ಕೆ ತಿರುಗುವ ರಸ್ತೆಯಲ್ಲಿ ನಮ್ಮೂರು. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದು ಹುಣಸೆಮರ, ಒಂದು ಕೊಳಾಯಿ, ಅಷ್ಟೇ. ಅಳಿಯನನ್ನು ಬೈಯುವ ಹಕ್ಕು ಸೋದರಮಾವನಿಗೆ ಅವನು ಹುಟ್ಟಿದ ದಿನವೇ ಬರುತ್ತದೆ. ಆ ಹಕ್ಕನ್ನು ನಾನು ಒಂದು ದಿನವೂ ದಂಡ ಮಾಡಿದವನಲ್ಲ.

ಅವನಿಗೆ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಏನು ಕೆಲಸ ಅಂತ ಕೇಳಿದರೆ ‘ಮಾನಿಟರಿಂಗ್’ ಅನ್ನುತ್ತಾನೆ. ಬಿಡಿಸಿ ಕೇಳಿದರೆ ಗೊತ್ತಾಗುವುದು ಇಷ್ಟು: ಮಷೀನು ಕೆಲಸ ಮಾಡುತ್ತದೆ, ಹುಡುಗಿಯರು ಕೆಲಸ ಮಾಡುತ್ತಾರೆ, ಇವನು ಗಾಜಿನ ಕೋಣೆಯಲ್ಲಿ ಕೂತು ಪರದೆ ನೋಡುತ್ತಾನೆ. ನೋಡಿ ನೋಡಿ ಅವನಿಗೊಂದು ಚಾಳಿ ಅಂಟಿಕೊಂಡಿದೆ. ಎದುರಿಗಿರುವುದನ್ನು ನಂಬುವುದಿಲ್ಲ, ಅದೇ ಪರದೆಯ ಮೇಲೆ ಬಂದರೆ ಕೈಮುಗಿಯುತ್ತಾನೆ. ಊಟಕ್ಕೆ ಕೂತಾಗ ಮೊದಲು ತಟ್ಟೆಯ ಫೋಟೋ ತೆಗೆದು, ಆ ಫೋಟೋ ನೋಡಿಕೊಂಡು, “ಸಾರು ಚೆಂದಾಗಿ ಬಂದೈತೆ ಕಣಮ್ಮ” ಅನ್ನುತ್ತಾನೆ. ಇನ್ನೂ ಒಂದು ತುತ್ತು ಬಾಯಿಗೆ ಹಾಕಿರುವುದಿಲ್ಲ.

ಹೋದ ವರ್ಷ ಅಂಗೈಗಿಂತ ದೊಡ್ಡದೊಂದು ಫೋನು ತಂದ. ತಂದವನು ಮೊದಲು ನನ್ನ ಜಗಲಿಗೇ ಬಂದ.

“ಮಾವ, ಇದ್ರ ಸ್ಕ್ರೀನ್‌ನಾಗೆ ನೂರು ಕೋಟಿ ಬಣ್ಣ ಅವೆ, ಗೊತ್ತಾ?”

“ಅಷ್ಟನ್ನೂ ಇಟ್ಕೊಂಡು ಏನ್ಲಾ ಮಾಡ್ತೀಯ? ನಮ್ ಊರಾಗೆ ಇರೋದೇ ಹತ್ತೋ ಹದಿನೈದೋ.”

“ನಿಮ್ಗೆ ಗೊತ್ತಾಗಲ್ಲ ಬುಡಿ.”

ಇದು ಅವನ ಖಾಯಂ ಉತ್ತರ. ನನಗೆ ಗೊತ್ತಾಗುವುದಿಲ್ಲ, ಅವನ ತಾಯಿಗೆ ಗೊತ್ತಾಗುವುದಿಲ್ಲ, ಹೆಂಡತಿಗಂತೂ ಗೊತ್ತಾಗುವ ಪ್ರಶ್ನೆಯೇ ಇಲ್ಲ.

ನಮ್ಮೂರ ಕೆರೆಯನ್ನು ನೀವು ನೋಡಬೇಕು. ನೀರಿಗಿಂತ ಜೊಂಡು ಹೆಚ್ಚು, ಜೊಂಡಿಗಿಂತ ಮೇಲಿನ ಲೇಔಟುಗಳಿಂದ ಹರಿದು ಬರುವ ಕೊಳಕು ಹೆಚ್ಚು. ಇವನ ಫೋನಿನಲ್ಲಿ ಆ ಕೆರೆ ನೀಲಿ. ಎಂಥ ನೀಲಿ ಅಂತೀರಿ, ಕ್ಯಾಲೆಂಡರಿನ ಕೃಷ್ಣನೂ ನಾಚಿಕೊಳ್ಳಬೇಕು! ಅದನ್ನು ಸ್ಟೇಟಸ್ಸಿಗೆ ಹಾಕಿದ. ಅದನ್ನು ನೋಡಿ ಅವನ ಸೂಪರ್‌ವೈಸರ್ ರಘುನಾಥ್ ಅನ್ನುವವರು ಒಂದು ಭಾನುವಾರ ಹೆಂಡತಿ ಮಕ್ಕಳನ್ನು ಕರಕೊಂಡು, ಚಿತ್ರಾನ್ನ ಕಟ್ಟಿಸಿಕೊಂಡು ಬಂದೇಬಿಟ್ಟರು. ಕಟ್ಟೆಯ ಮೇಲೆ ನಿಂತು, ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, ಆ ಕೆರೆ ಎಲ್ಲಿ ಅಂತ ತಮಿಳಿನಲ್ಲಿ ಕೇಳಿದರು. ಇವನು ಫೋನು ತೆಗೆದು ತೋರಿಸಿ, “ಇದೇ ಸಾರ್, ಇವತ್ತು ಬಿಸಿಲು ಸರಿಯಿಲ್ಲ” ಅಂದ. ಅವರು ಚಿತ್ರಾನ್ನವನ್ನು ನಮ್ಮ ಬಸ್ ಸ್ಟಾಪಿನಲ್ಲಿ ಕೂತು ತಿಂದು ಹೋದರು.

ಮನೆಗೆ ಬಣ್ಣ ಹೊಡೆಸಿದ್ದೂ ಹಾಗೆಯೇ. ಅಂಗಡಿಯವನು ‘ಬಂದು ಬಣ್ಣದ ಕಾರ್ಡು ನೋಡಿ’ ಅಂದರೂ ಹೋಗಲಿಲ್ಲ. ಫೋನಿನಲ್ಲಿ ಶ್ರೀಗಂಧದ ಬಣ್ಣ ಅಂತ ಆರಿಸಿದ್ದು ಗೋಡೆಗೆ ಹೊಡೆದ ಮೇಲೆ ಮಕ್ಕಳ ಭೇದಿ ಔಷಧಿಯ ಬಣ್ಣವಾಯಿತು. ಇವತ್ತಿಗೂ ಊರಲ್ಲಿ ಅವನ ವಿಳಾಸ ಕೇಳಿದರೆ ‘ಭೇದಿ ಔಷಧಿ ಮನೆ’ ಅನ್ನುತ್ತಾರೆ. ಅವನು ಮಾತ್ರ ಬಂದವರಿಗೆ, ಮನೆಯ ಮುಂದೆಯೇ ನಿಂತುಕೊಂಡು, ಮನೆಯನ್ನು ಫೋನಿನಲ್ಲಿ ತೋರಿಸುತ್ತಾನೆ.

ಇದೆಲ್ಲ ನಕ್ಕು ಬಿಡಬಹುದಾದ ವಿಷಯ. ಗೋಡೆಗೆ ಯಾವ ಬಣ್ಣ ಇದ್ದರೂ ಒಳಗೆ ಮಲಗಿದರೆ ನಿದ್ದೆ ಬರುತ್ತದೆ. ಆದರೆ ಬೇಸಾಯದವರಿಗೆ ಬಣ್ಣ ಅನ್ನುವುದು ಶೋಕಿಯಲ್ಲ. ಟೊಮೇಟೊ ಯಾವಾಗ ಕೀಳಬೇಕು, ಪೈರಿಗೆ ಗೊಬ್ಬರ ಸಾಲದೇ, ಹಸುವಿನ ಮೈಯಲ್ಲಿ ರಕ್ತ ಕಮ್ಮಿಯಾಗಿದೆಯೇ, ಎಲ್ಲವನ್ನೂ ಬಣ್ಣ ನೋಡಿಯೇ ಹೇಳಬೇಕು. ಬಣ್ಣ ಚೂರು ಹೆಚ್ಚುಕಮ್ಮಿಯಾಗಿ ಕಂಡರೆ ಮಾಡುವ ಕೆಲಸವೇ ಬೇರೆಯಾಗುತ್ತದೆ. ರೇಷ್ಮೆ ಹುಳದಲ್ಲಂತೂ ಎಲ್ಲವೂ ಅದರ ಮೇಲೆಯೇ ನಿಂತಿದೆ. ಹುಳ ಪೊರೆ ಬಿಡುವ ನಿದ್ದೆಗೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ. ಆಗ ಅದರ ಮೈ ಬಿಳುಪು. ಹೊಟ್ಟೆ ತುಂಬಿ ಇನ್ನು ಸಾಕು ಅನ್ನಿಸಿದಾಗ ಮೈಗೆ ಹಳದಿ ತಿರುಗಿ, ಸೊಪ್ಪು ಬಿಟ್ಟು, ತಲೆ ಎತ್ತುತ್ತದೆ. ಅದಕ್ಕೆ ಹುಳ ಹಣ್ಣಾಯಿತು ಅನ್ನುತ್ತೇವೆ. ಆಗ ಅದನ್ನು ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಬಿಳುಪಿದ್ದಾಗಲೇ ಬಿಟ್ಟರೆ ಅದು ಹಸಿದ ಹೊಟ್ಟೆಯಲ್ಲಿ ಅಲೆದು ಅಲೆದು ಬೀಳುತ್ತದೆ. ಕಟ್ಟಿದರೂ ಗೂಡು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿರುತ್ತದೆ.

ಈ ಮನೆಯಲ್ಲಿ ಹುಳ ಸಾಕುತ್ತಿದ್ದದ್ದು ಮೊದಲು ನನ್ನಕ್ಕ ಗೋವಿಂದಮ್ಮ. ಈಗ ಸೊಸೆ ಚಂದ್ರಲೇಖಾ. ಈ ಹುಡುಗಿ ಅಂಚೆಟ್ಟಿಯ ಆಚೆ, ನಾಟ್ರಾಂಪಾಳ್ಯದ ಕಡೆಯವಳು. ಮದುವೆಯಾಗಿ ಬಂದಾಗ ಹುಳ ಕಂಡರೆ ಮೈ ಜುಂ ಅನ್ನುತ್ತಿತ್ತಂತೆ. ಈಗ ತೋಟಕ್ಕೆ ನೀರು ಬಿಡುವುದರಿಂದ ಗೂಡು ಬಿಡಿಸುವವರೆಗೆ ಅವಳದೇ ಕೆಲಸ, ಅವಳದೇ ಮಾತು. ಆ ಮನೆಯಲ್ಲಿ ಅವಳ ಮಾತು ನಡೆಯುವ ಜಾಗ ಅದೊಂದೇ.

ಲಕ್ಷ್ಮೀಪತಿಗೆ ಆ ಹಿಪ್ಪುನೇರಳೆ ತೋಟ ಕಣ್ಣಿಗೆ ಚುಚ್ಚುತ್ತಿತ್ತು. ಕಿತ್ತುಹಾಕಿ ಲೇಔಟಿನವರಿಗೆ ಕೊಡಬೇಕು ಅಂತ ಒಂದೇ ಹಟ. ಜಮೀನಿನ ಪಟ್ಟಾ ಅಕ್ಕನ ಹೆಸರಿನಲ್ಲಿದ್ದದ್ದರಿಂದ ಉಳಿದಿತ್ತು. ಒಂದು ದಿನ ಜಗಲಿಯ ಮೇಲೆ ದೊಡ್ಡ ಜಗಳವಾಗಿ, ಕೊನೆಗೆ ನನ್ನ ಮುಂದೆಯೇ ಅವನು ಒಂದು ತೀರ್ಮಾನ ಹೇಳಿದ.

“ಒಂದು ಬೆಳೆ ನಾನು ಹೇಳ್ದಂಗೆ ಮಾಡಿ. ಚೆಂದಾಗಿ ಬಂತಾ, ತೋಟ ಇರ್ಲಿ. ಕೆಡ್ತಾ, ಲೇಔಟ್‌ನೋರಿಗೆ ಕೊಡೋದೇ. ಆಮೇಲೆ ಯಾರೂ ಬಾಯಿ ಬಿಡಂಗಿಲ್ಲ.”

ಅಕ್ಕ ತಲೆಯಾಡಿಸಿದಳು. ಮಗ ಏನು ಹೇಳಿದರೂ ಅವಳು ತಲೆಯಾಡಿಸುತ್ತಾಳೆ. ಬೆಳೆ ಬಂದರೆ ಫೋನಿಗೆ ಹೆಸರು, ಕೆಟ್ಟರೆ ಹೆಂಡತಿಗೆ ಹೆಸರು, ಇಷ್ಟೂ ತಿಳಿಯದವನೇ ನಾನು? ಅವನು ದುಷ್ಟನಾಗಿದ್ದರೆ ಸ್ವಲ್ಪ ಮರ್ಯಾದೆಯನ್ನಾದರೂ ಕೊಡುತ್ತಿದ್ದೆ. ಬರೀ ದಡ್ಡ, ಅದರ ಮೇಲೆ ಜಂಬ. ಅವತ್ತು ಸೊಪ್ಪು ಕೊಯ್ಯುತ್ತಿದ್ದಾಗ ಚಂದ್ರಲೇಖಾ ನನ್ನ ಹತ್ತಿರ, “ಈ ತೋಟ ಹೋದ್ರೆ ಈ ಮನೇಲಿ ನಂದು ಅಂತ ಏನೈತೆ ಮಾವ?” ಅಂದಳು.

ಅವನು ಹೇಳಿದಂತೆ ಮಾಡುವುದು ಅಂದರೆ ಏನು? ಹುಳದ ಮನೆಯ ಸೂರಿಗೆ ಒಂದು ಕ್ಯಾಮೆರಾ ಸಿಕ್ಕಿಸಿದ. ಕಾರ್ಖಾನೆಯಲ್ಲಿ ಕೂತೇ ಫೋನಿನಲ್ಲಿ ಹುಳ ನೋಡುತ್ತಾನಂತೆ, ಅಲ್ಲಿಂದಲೇ ಆರ್ಡರು ಕೊಡುತ್ತಾನಂತೆ. ನೆರೆಯವರು ಬಂದು ಇಣುಕಿದರೆ ಹುಳಕ್ಕೆ ದೃಷ್ಟಿಯಾಗುತ್ತದೆ ಅಂತ ಬಾಗಿಲಿಗೆ ಗೋಣಿ ಕಟ್ಟುವವಳು ನನ್ನಕ್ಕ. ಆ ಕ್ಯಾಮೆರಾಗೆ ಮಾತ್ರ ಕುಂಕುಮ ಇಟ್ಟಳು. ಇವನು ಅತ್ತ ಕ್ಯಾಂಟೀನಿನಲ್ಲಿ ಇಡೀ ಟೇಬಲ್ಲಿಗೆ ಹುಳ ತೋರಿಸಿಕೊಂಡು ಕೂತಿರುತ್ತಿದ್ದ. ಗಳಿಗೆಗೊಂದು ಫೋನು. “ಲೇ ಲೇಖಾ, ಆ ಮೂಲೆಗೆ ಸೊಪ್ಪು ಸಾಲ್ದು.” “ಕಿಟಕಿ ಮುಚ್ಚು.” “ಕಿಟಕಿ ಯಾಕೆ ಮುಚ್ಚಿದ್ದೀಯ?” ಅವಳು ಹ್ಞೂಂ ಅನ್ನುತ್ತಲೇ ತನಗೆ ಸರಿ ಕಂಡದ್ದನ್ನು ಮಾಡಿಕೊಂಡು ಹೋದಳು. ನಾಲ್ಕು ಜ್ವರವೂ ಚೆನ್ನಾಗಿ ಎದ್ದವು. ಹುಳ ಬೆರಳಿನಷ್ಟು ದಪ್ಪ, ನೋಡುವುದಕ್ಕೇ ಖುಷಿ.

ಅವನಿಗೆ ಸೆಕೆಂಡ್ ಶಿಫ್ಟು ನಡೆಯುತ್ತಿದ್ದ ವಾರ ಅದು. ನಾನು ಸಾಯಂಕಾಲ ಸೊಪ್ಪಿನ ಹೊರೆ ತಂದು ಹುಳದ ಮನೆಯ ಬಾಗಿಲಲ್ಲಿ ಇಳಿಸುತ್ತಿದ್ದೆ. ಹೊತ್ತು ಮುಳುಗಿತ್ತು, ಒಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಅಕ್ಕನ ಫೋನು ಬಡಕೊಂಡಿತು. ಅದನ್ನು ಅವಳು ಯಾವಾಗಲೂ ಜೋರಾಗಿಯೇ ಇಟ್ಟಿರುತ್ತಾಳೆ, ಆದ್ದರಿಂದ ಮಗನ ಕಿರುಚಾಟ ನನಗೂ ಕೇಳಿಸಿತು.

“ಅಮ್ಮಾ! ಹುಳ ಎಲ್ಲಾ ಹಣ್ಣಾಗೋಗವೆ! ಹಳದಿ ಅಂದ್ರೆ ಹಳದಿ! ಇನ್ನೂ ಸೊಪ್ಪು ಹಾಕ್ತಾ ಕುಂತಿದ್ದೀರಾ?”

ಚಂದ್ರಲೇಖಾ ಒಂದು ಹುಳ ಎತ್ತಿ ದೀಪಕ್ಕೆ ಹಿಡಿದಳು. “ಎಲ್ಲಿ ಅತ್ತೆ? ಇನ್ನೂ ಎರಡು ದಿನ ಬೇಕು. ಸೊಪ್ಪು ಹೆಂಗೆ ತಿಂತಾವೆ ನೋಡಿ.”

“ಅವಳ ಮಾತು ಕೇಳ್ಬೇಡ ಕಣಮ್ಮ! ನಾನು ಕಣ್ಣಾರೆ ನೋಡ್ತಾ ಇವ್ನಿ. ಈಗ್ಲೇ ಚಂದ್ರಿಕೆಗೆ ಬಿಡ್ಲಿಲ್ಲ ಅಂದ್ರೆ ಸೊಪ್ಪಿನಾಗೇ ಗೂಡು ಕಟ್ಟಿ ಹಾಳಾಗ್ತವೆ!”

ನನಗೆ ರೇಗಿತು. “ಲೋ, ನಿನ್ ಸ್ಕ್ರೀನು ಅತ್ಲಾಗೆ ಎಸೀಲಾ! ತಿಂತಿರೋ ಹುಳಾನ ಯಾವನಾದ್ರೂ ಚಂದ್ರಿಕೆಗೆ ಬಿಡ್ತಾನೇನ್ಲಾ?” ಅಂತ ಬಾಗಿಲಿಂದಲೇ ಕೂಗಿದೆ.

“ಮಾವ, ನೀವು ಸುಮ್ಕಿರಿ. ನಿಮ್ ಕಣ್ಣಿಗೆ ಪೊರೆ ಬಂದೈತೆ. ಇದು ನೂರು ಕೋಟಿ ಬಣ್ಣದ ಸ್ಕ್ರೀನು.”

ಆಗ ನನ್ನಕ್ಕ ಒಂದು ಹುಳವನ್ನು ಅಂಗೈಮೇಲೆ ಇಟ್ಟುಕೊಂಡಳು. ಮದುವೆಯಾಗಿ ಬಂದಾಗಿನಿಂದ ಹುಳ ಸಾಕಿದವಳು. ಬಾವ ವೆಂಕಟರಮಣಪ್ಪ ಇದ್ದಾಗ ಇಡೀ ಊರೇ ಇವಳನ್ನು ಕರೆದು ಹುಳ ತೋರಿಸುತ್ತಿತ್ತು. ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ನೋಡಿ, “ಹೌದು ಕಣೆ, ಹಳದಿ ಬಂದೈತೆ” ಅಂದಳು.

ನಾನು ಥೂ ಅಂತ ಉಗಿದು ಹೊರಗೆ ಕಟ್ಟೆಯ ಮೇಲೆ ಕೂತೆ. ಕೇರಿಯ ಹೆಂಗಸರನ್ನು ಕರೆಸಿದರು. ಅಕ್ಕಯಮ್ಮ ಅನ್ನುವವಳು, “ಇವು ಹಣ್ಣಾಗಿಲ್ಲ ಅಲ್ವಾ ಗೋವಿಂದಕ್ಕ?” ಅಂತ ಒಮ್ಮೆ ಅಂದು ನೋಡಿದಳು. “ಮಗ ನೋಡಿ ಹೇಳವ್ನೆ” ಅಂತ ಉತ್ತರ ಬಂತು. ಮಗ ಎಲ್ಲಿಂದ ನೋಡಿದ ಅಂತ ಯಾರೂ ಕೇಳಲಿಲ್ಲ. ಎಲ್ಲಾ ಹುಳವನ್ನೂ ಆಯ್ದು ಚಂದ್ರಿಕೆಗೆ ಬಿಟ್ಟರು. ಚಂದ್ರಲೇಖಾಳೂ ಆಯ್ದಳು, ಕಣ್ಣು ಒರೆಸಿಕೊಂಡು.

ಬೆಳಿಗ್ಗೆ ಹೋಗಿ ನೋಡಿದರೆ ನೆಲದ ತುಂಬ ಹುಳ. ಕೆಲವು ಸೊಪ್ಪಿನ ವಾಸನೆ ಹಿಡಿದು ಗೋಡೆ ಹತ್ತಿದ್ದವು, ಕೆಲವಕ್ಕೆ ಇರುವೆ ಮುತ್ತಿತ್ತು. ಚಂದ್ರಲೇಖಾ ಬೆಳಕು ಹರಿಯುವ ಮೊದಲೇ ಎದ್ದು ಒಂದೊಂದನ್ನೇ ಎತ್ತಿ ಮತ್ತೆ ಸೊಪ್ಪಿನ ಮೇಲೆ ಬಿಡುತ್ತಿದ್ದಳು. ಲಕ್ಷ್ಮೀಪತಿ ಹಲ್ಲುಜ್ಜಿಕೊಂಡು ಬಂದ. ಬಂದವನು ಹುಳ ನೋಡಿದನೇ? ಇಲ್ಲ. ಹುಳದ ಮನೆಯ ಮಧ್ಯದಲ್ಲಿ ನಿಂತು ಫೋನು ತೆಗೆದು, ಸೂರಿನ ಕ್ಯಾಮೆರಾದಿಂದ, ತನ್ನ ಕಾಲಬುಡದಲ್ಲಿದ್ದ ಹುಳವನ್ನು ನೋಡಿದ!

“ಅಯ್ಯಯ್ಯೋ! ನೆನ್ನೆ ಹಳದಿ ಇದ್ವು, ರಾತ್ರಿಗೆ ಬೆಳ್ಳಗಾಗೋಗವೆ. ಇದು ಏನೋ ರೋಗ ಕಣಮ್ಮ!”

“ನೆನ್ನೇನೂ ಬೆಳ್ಳಗೇ ಇದ್ವು ಕಣ್ಲಾ” ಅಂದೆ.

“ಸುಳ್ಳು! ಪ್ರೂಫ್ ಐತೆ. ನೆನ್ನೆ ಸಾಯಂಕಾಲ್ವೇ ಸ್ಕ್ರೀನ್‌ಶಾಟ್ ಹಿಡಿದಿಟ್ಟಿವ್ನಿ” ಅಂತ ಫೋನಿನಲ್ಲಿ ಹುಡುಕಿ ತೆಗೆದ. ನಾವೆಲ್ಲ ಬಗ್ಗಿ ನೋಡಿದೆವು. ನಿನ್ನೆ ಸಂಜೆಯ ಚಿತ್ರ, ಅದರಲ್ಲೂ ಹುಳ ಬೆಳ್ಳಗೇ ಇದ್ದವು. ಅವನು ಎರಡು ಸಲ ಬೆರಳಿನಿಂದ ಒರೆಸಿದ. ಆಮೇಲೆ, “ಫೋನು ಹ್ಯಾಂಗ್ ಆಗೈತೆ” ಅಂದ. ಕೈಯಲ್ಲಿ ಸಿಕ್ಕಿದ ಸಾಕ್ಷಿಯೇ ತನ್ನ ವಿರುದ್ಧ ಹೇಳಿದರೆ ಸಾಕ್ಷಿಗೇ ರೋಗ ಬಂದಿದೆ ಅನ್ನುವ ಜಾತಿ ಇದು.

ಅಷ್ಟಕ್ಕೆ ಬಿಡಲಿಲ್ಲ. ರೋಗದ ಹುಳ ಅಕ್ಕಪಕ್ಕದವರಿಗೂ ಅಂಟುತ್ತದೆ, ಗುಂಡಿ ತೋಡಿ ಸುಣ್ಣ ಹಾಕಿ ಹೂತುಬಿಡಿ ಅಂದ. ಅವತ್ತು ಕಾರ್ಖಾನೆಗೆ ರಜೆ ಬೇರೆ ಹಾಕಿದ. ಚಂದ್ರಲೇಖಾ ಹುಳವಿದ್ದ ಸ್ಟ್ಯಾಂಡಿಗೆ ಅಡ್ಡ ನಿಂತಳು. “ಸಾಯಂಕಾಲದವರ್ಗೂ ಬುಡಿ. ರೋಗ ಇದ್ರೆ ತಿನ್ನಲ್ಲ. ತಿಂದ್ರೆ ಬದುಕ್ಕೊಂತಾವೆ” ಅಂದಳು. ಅವಳ ದನಿ ಅಷ್ಟು ಗಟ್ಟಿಯಾಗಿದ್ದದ್ದು ನಾನು ಕೇಳಿರಲಿಲ್ಲ. ಗುದ್ದಲಿ ಹಿಡಿದಿದ್ದ ಲಕ್ಷ್ಮೀಪತಿ ಅದನ್ನು ಕೆಳಗಿಟ್ಟ. ಹುಳ ಇಡೀ ದಿನ ಗಬಗಬ ತಿಂದವು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಒಳಗೆ ಸೊಪ್ಪು ಹಾಕುತ್ತಿದ್ದರು. ಲಕ್ಷ್ಮೀಪತಿ ಹೊರಗೆ ನನ್ನ ಪಕ್ಕದಲ್ಲಿ ಕೂತು ಫೋನು ತೆರೆದವನು ದಡಕ್ಕನೆ ಎದ್ದ.

“ನೋಡಿ ಮಾವ, ನೋಡಿ! ಮತ್ತೆ ಹಳದಿ! ನಾನು ಹೇಳ್ಲಿಲ್ವಾ?”

ಹೆಗಲ ಮೇಲಿಂದ ಬಗ್ಗಿ ನೋಡಿದೆ. ನಿಜ, ಹುಳ ಹಳದಿ. ಸುಣ್ಣ ಹೊಡೆದ ಗೋಡೆಯೂ ಹಳದಿ. ಟ್ಯೂಬ್‌ಲೈಟೂ ಹಳದಿ. ಮಧ್ಯದಲ್ಲಿ ಬಗ್ಗಿಕೊಂಡಿದ್ದ ನನ್ನಕ್ಕನ ತಲೆ, ಹತ್ತಿಯಷ್ಟು ಬೆಳ್ಳಗೆ ನರೆತ ತಲೆ, ಅರಿಶಿನದಲ್ಲಿ ಅದ್ದಿ ತೆಗೆದ ಹಾಗಿತ್ತು.

“ಲೋ ಮುಂಡೇದೇ! ನಿಮ್ಮವ್ವನ ತಲೆ ನೋಡ್ಲಾ!” ಅಂತ ಅರಚಿದೆ. ಒಳಕ್ಕೆ ತಿರುಗಿ, “ಅಕ್ಕಾ, ನಿನ್ ಮಗನ ಫೋನ್ನಾಗೆ ನೀನೂ ಹಳದಿ ಆಗಿದ್ದೀಯ! ಹತ್ತು ಚಂದ್ರಿಕೆ, ಗೂಡು ಕಟ್ಟು!” ಅಂದೆ.

ಅಕ್ಕ ಹೊರಗೆ ಬಂದು ಫೋನು ನೋಡಿದಳು. ಚಂದ್ರಲೇಖಾಳೂ ನೋಡಿದಳು. ಲಕ್ಷ್ಮೀಪತಿ ಬೆವರುತ್ತ ಫೋನಿನ ಒಳಗೆಲ್ಲ ಒತ್ತಿ ಒತ್ತಿ ಹುಡುಕಿದ. ಕೊನೆಗೆ ಸಿಕ್ಕಿತು. ಹಗಲೆಲ್ಲ ಹುಳ ನೋಡಿ ನೋಡಿ ಕಣ್ಣು ಉರಿಯುತ್ತಿತ್ತಂತೆ. ಹಿಂದಿನ ದಿನ ಟೀ ಹೊತ್ತಿನಲ್ಲಿ ಕ್ಯಾಂಟೀನಿನ ಗೆಳೆಯನೊಬ್ಬ ಹೇಳಿದನಂತೆ, ಇದೊಂದನ್ನು ಆನ್ ಮಾಡಿದರೆ ಹೊತ್ತು ಮುಳುಗಿದ ಕೂಡಲೇ ಪರದೆ ತಾನಾಗಿ ಹಳದಿಗೆ ತಿರುಗುತ್ತದೆ, ಬೆಳಗಾದರೆ ತಾನಾಗಿ ಸರಿಹೋಗುತ್ತದೆ ಅಂತ. ಬರೀ ಪರದೆ ಮಾತ್ರ. ಹಿಡಿದಿಟ್ಟ ಚಿತ್ರ ಇದ್ದ ಹಾಗೇ ಇರುತ್ತದಂತೆ.

“ಕಣ್ಣಿಗೆ ತಂಪು ಅಂತ ಹಾಕ್ಕೊಂಡಿದ್ದೆ” ಅಂದ.

“ನಿನ್ ಕಣ್ಣಿಗೆ ತಂಪು, ಹುಳದ ಹೊಟ್ಟೆಗೆ ಬೆಂಕಿ” ಅಂದೆ.

ಅವನಿಗೆ ನಾಚಿಕೆಯಾಯಿತು ಅಂದುಕೊಂಡಿರಾ? ಒಂದು ಗುಂಡಿ ಒತ್ತಿ, ಪರದೆ ಬೆಳ್ಳಗೆ ಮಾಡಿ, “ಸರಿ ಮಾಡ್ದೆ ಕಣಮ್ಮ, ಇನ್ಮೇಲೆ ತೊಂದ್ರೆ ಇಲ್ಲ” ಅಂತ ಎದ್ದು ಹೋದ.

ಉಳಿದ ಹುಳವನ್ನು ಚಂದ್ರಲೇಖಾ ಹಣ್ಣು ಮಾಡಿದಳು. ಆದರೆ ಒಂದು ರಾತ್ರಿಯ ಹಸಿವು ಹಾಗೇ ಹೋಗುತ್ತದೆಯೇ? ಮುಕ್ಕಾಲು ಪಾಲು ಗೂಡು ತೆಳ್ಳಗೆ. ಗೂಡಿನ ಮಾರುಕಟ್ಟೆಯಲ್ಲಿ ಬಂದವರೆಲ್ಲ ಎರಡು ಬೆರಳಲ್ಲಿ ಒತ್ತಿ ನೋಡಿ ಮುಂದಕ್ಕೆ ಹೋದರಂತೆ. ಕೊನೆಗೆ ಯಾರೋ ಕೊಂಡರು. ಸಿಕ್ಕಿದ್ದನ್ನು ಹೇಳಿಕೊಳ್ಳುವ ಹಾಗಿರಲಿಲ್ಲ.

ಮಾರನೆಯ ಮಧ್ಯಾಹ್ನ ಶಿಫ್ಟಿಗೆ ಹೊರಡುವ ಮುಂಚೆ ಲಕ್ಷ್ಮೀಪತಿ ಜಗಲಿಯ ಮೇಲೆ ಎಲ್ಲರನ್ನೂ ಕೂಡಿಸಿದ. ಶುಕ್ರವಾರ ಲೇಔಟಿನವರು ಬರುತ್ತಾರೆ, ಅಮ್ಮ ಹೆಬ್ಬೆಟ್ಟು ಒತ್ತಿದರೆ ಮುಗಿಯಿತು ಅಂದ. “ಬೆಳೆ ಕೆಡ್ತು. ಮಾತು ಅಂದ್ರೆ ಮಾತು.”

“ಕೆಡಿಸ್ದೋನು ನೀನು ಕಣ್ಲಾ!” ಅಂತ ನಾನು ಎದ್ದೆ.

“ನಾನೊಬ್ನೇ ಹೇಳಿದ್ನಾ? ಫೋನು ತಪ್ಪು ತೋರಿಸ್ತು ಅಂತ್ಲೇ ಇಟ್ಕೊಳ್ಳಿ. ಅಮ್ಮ ಕೈಯಾಗೆ ಹಿಡ್ಕೊಂಡು ನೋಡಿ ಹಳದಿ ಅಂದ್ಲಲ್ಲ? ಕೇಳಿ ಬೇಕಾದ್ರೆ.”

ಹೆತ್ತ ತಾಯಿಯನ್ನು ಅಡ್ಡ ನಿಲ್ಲಿಸಿಕೊಂಡು ಹಿಂದೆ ಅವಿತುಕೊಂಡ, ನೋಡಿ. ನನಗೆ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಚಂದ್ರಲೇಖಾ ಅತ್ತೆಯ ಕಡೆ ತಿರುಗಿದಳು. ಮೆಲ್ಲಗೆ ಕೇಳಿದಳು. “ಅವತ್ತು ಕೈಯಲ್ಲಿ ಇಟ್ಕೊಂಡು ನೋಡಿದ್ರಲ್ಲ ಅತ್ತೆ. ಹುಳ ಯಾವ ಬಣ್ಣ ಇತ್ತು?”

ಅಕ್ಕ ಮಗನನ್ನು ನೋಡಿದಳು. ಅವನು ಹೇಳು ಹೇಳು ಅನ್ನುವ ಹಾಗೆ ಗದ್ದ ಎತ್ತಿದ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಬೆಳ್ಳಗಿತ್ತು” ಅಂದಳು.

ಲಕ್ಷ್ಮೀಪತಿಯ ಗದ್ದ ಕೆಳಗಿಳಿಯಿತು.

“ಬೆಳ್ಳಗೇ ಇತ್ತು ಕಣವ್ವ. ನಂಗೆ ಅವತ್ತೇ ಗೊತ್ತಿತ್ತು. ಇವ್ನು ಹಂಗಂದ ಅಂತ ನಾನೂ ಅಂದ್ಬುಟ್ಟೆ.” ಆಮೇಲೆ ಮಗನ ಮುಖ ನೋಡದೆ ಹೇಳಿದಳು. “ತೋಟ ಕೀಳ್ಸಕ್ಕೆ ನಾನು ಹೆಬ್ಬೆಟ್ಟು ಒತ್ತಲ್ಲ. ಅವ್ರಿಗೆ ಬರ್ಬೇಡಿ ಅಂತ ಹೇಳ್ಬುಡು.”

ತೋಟ ಉಳಿಯಿತು ಅಂತ ನನಗೆ ಕುಣಿಯುವಷ್ಟು ಸಂತೋಷವಾಯಿತು. ಚಂದ್ರಲೇಖಾಳೂ ನಗುತ್ತಾಳೆ ಅಂದುಕೊಂಡು ಅವಳ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಗಂಡ ಕೂಗಾಡಿದಾಗ, ಹುಳ ನೆಲಕ್ಕೆ ಬಿದ್ದಾಗ, ಮಾರುಕಟ್ಟೆಯಿಂದ ಬರಿಗೈಯಲ್ಲಿ ಬಂದ ಹಾಗೆ ಬಂದಾಗಲೂ ಅವಳು ಹೀಗೆ ಕಂಡಿರಲಿಲ್ಲ.

“ಫೋನಿಗೆ ಕಣ್ಣಿಲ್ಲ ಅತ್ತೆ” ಅಂದಳು. “ನಿಮಗಿತ್ತಲ್ಲ.”

ಲಕ್ಷ್ಮೀಪತಿ ಕಂಪನಿ ಬಸ್ಸಿಗೆ ಹೊತ್ತಾಯಿತು, ಬುತ್ತಿ ಕೊಡಿ ಅಂತ ಕೇಳಿದ. ಇಬ್ಬರೂ ಹೆಂಗಸರು ಕೂತಲ್ಲಿಂದ ಏಳಲಿಲ್ಲ.